ಹಳೇ ಚರ್ಚಿನ ಸಮಾಧಿ ಅಂಗಳ ನೋಡಿಕೊಳ್ಳುವುದು ಹೇಗೆ? ಸ್ವಯಂಸೇವಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹಳೇ ಚರ್ಚಿನ ಸುತ್ತ ಇರುವ ಸಮಾಧಿ ಅಂಗಳವನ್ನು ಚೊಕ್ಕ ಮಾಡೋಣ ಅಂತ ನಾಲ್ಕು ಜನ ಸೇರಿದರೆ ಮೊದಲ ದಿನ ಏನಾಗುತ್ತದೆ ಗೊತ್ತಾ? ಒಬ್ಬರು ಕುಡುಗೋಲು ತರುತ್ತಾರೆ, ಒಬ್ಬರು ತಂತಿ ಬ್ರಷ್ಷು, ಇನ್ನೊಬ್ಬರು ಬಾತ್‌ರೂಮ್ ತೊಳೆಯುವ ಆಸಿಡ್ಡು. ಸಂಜೆ ಹೊತ್ತಿಗೆ ಅಂಗಳ ಫಳಫಳ ಅನ್ನುತ್ತಿರುತ್ತದೆ. ಎಲ್ಲರೂ ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ಇನ್ನೂರು ವರ್ಷದ ಮಳೆ ಬಿಸಿಲು ಮಾಡದ ಹಾನಿ ಆ ಒಂದು ಮಧ್ಯಾಹ್ನ ಆಗಿ ಹೋಗಿರುತ್ತದೆ.

ನಾನೂ ಆ ಪೈಕಿಯೇ. ಶುರುವಿನಲ್ಲಿ ಒಂದು ಚಿಕ್ಕ ಅಮೃತಶಿಲೆ ಕಲ್ಲಿಗೆ ವಿನಿಗರ್ ಹಾಕಿ ಉಜ್ಜಿದೆ. ಸಣ್ಣಗೆ ನೊರೆ ಬಂತು. ಕೊಳೆ ಬಿಡುತ್ತಿದೆ ಅಂತ ಖುಷಿಪಟ್ಟೆ. ಬಿಡುತ್ತಿದ್ದದ್ದು ಕಲ್ಲು. ಅಮೃತಶಿಲೆ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ತಾಗಿದರೆ ಕರಗುತ್ತದೆ, ಆ ನೊರೆ ಕರಗುವಾಗ ಬರುವ ಗ್ಯಾಸು. ಒಣಗಿದ ಮೇಲೆ ಬೆರಳಾಡಿಸಿದರೆ ಸಕ್ಕರೆ ಮುಟ್ಟಿದ ಹಾಗೆ ತರಿತರಿ, ಅಕ್ಷರದ ಅಂಚೆಲ್ಲ ಮೊಂಡು. ಯಾರೂ ಬೈಯಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತಲ್ವಾ.

ಅದಕ್ಕೇ ಈ ಬರಹದಲ್ಲಿ "ಬೇಡ" ಅನ್ನುವ ಮಾತು ಜಾಸ್ತಿ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಮಾಡಬೇಕಾದ ಕೆಲಸವೂ ಸಾಕಷ್ಟಿದೆ. ಆದರೆ ಅದನ್ನು ಮಾಡುವ ಸರದಿ ಮುಖ್ಯ.

ಹಂತ 1: ಜಾಗ ಯಾರದ್ದು ಅಂತ ತಿಳಿದುಕೊಳ್ಳಿ

ಎಷ್ಟೇ ಪಾಳು ಬಿದ್ದಂತೆ ಕಂಡರೂ ಆ ಅಂಗಳಕ್ಕೆ ಒಬ್ಬ ಯಜಮಾನ ಇದ್ದೇ ಇರುತ್ತಾರೆ. ಚರ್ಚಿನ ಸಭೆ ಇರಬಹುದು, ಧರ್ಮಪ್ರಾಂತ್ಯ ಇರಬಹುದು, ಒಂದು ಟ್ರಸ್ಟ್ ಅಥವಾ ಸ್ಥಳೀಯ ಆಡಳಿತ ಇರಬಹುದು. ಇದರಲ್ಲೊಂದು ತೊಡಕಿದೆ. ಎಷ್ಟೋ ಕಡೆ ನೆಲ ಒಬ್ಬರದ್ದು, ಕಲ್ಲು ಇನ್ನೊಬ್ಬರದ್ದು. ಇಂಗ್ಲೆಂಡಿನಲ್ಲಿ ಸಮಾಧಿ ಕಲ್ಲು ಅದನ್ನು ನೆಡಿಸಿದವರದ್ದು, ಅವರ ನಂತರ ವಾರಸುದಾರರದ್ದು. ಅಲ್ಲಿನ ಚರ್ಚ್ ಆಫ್ ಇಂಗ್ಲೆಂಡ್ ಅಂಗಳಗಳಲ್ಲಿ ಕಲ್ಲು ಸರಿಸುವಂಥ ದೊಡ್ಡ ಕೆಲಸಕ್ಕೆ ಧರ್ಮಪ್ರಾಂತ್ಯದಿಂದ 'ಫ್ಯಾಕಲ್ಟಿ' ಅನ್ನುವ ಲಿಖಿತ ಅನುಮತಿಯೇ ಬೇಕು. ಬೇರೆ ದೇಶದಲ್ಲಿ ಬೇರೆ ಕಾನೂನು. ಪಾರಂಪರಿಕ ತಾಣ ಅಂತ ಘೋಷಣೆ ಆಗಿದ್ದರೆ ಸರ್ಕಾರದ ಇಲಾಖೆಯ ಒಪ್ಪಿಗೆಯೂ ಸೇರಿಕೊಳ್ಳುತ್ತದೆ.

ಅನುಮತಿ ಕೇಳಲು ಹೋದಾಗ "ಕ್ಲೀನ್ ಮಾಡ್ತೀವಿ" ಅಂತ ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ. ಒಂದು ಹಾಳೆಯಲ್ಲಿ ಮೂರು ಪಟ್ಟಿ ಬರೆದುಕೊಂಡು ಹೋಗಿ. ಕೇಳದೆ ಮಾಡಬಹುದಾದದ್ದು (ಹುಲ್ಲು ಕೊಯ್ಯುವುದು, ಕಸ ಹೆಕ್ಕುವುದು, ಫೋಟೋ ತೆಗೆಯುವುದು), ಪ್ರತಿ ಸಲ ಕೇಳಿ ಮಾಡಬೇಕಾದದ್ದು (ಮರದ ಕೊಂಬೆ, ಕಲ್ಲು ತೊಳೆಯುವುದು), ಮುಟ್ಟಲೇಬಾರದ್ದು (ಅಗೆಯುವುದು, ಕಲ್ಲು ಎತ್ತುವುದು, ಗಾರೆ ಹಾಕುವುದು). ಅವರ ಕೈಲಿ ಸಹಿ ಹಾಕಿಸಿಕೊಳ್ಳಿ. ಯಾರಿಗಾದರೂ ಏಟಾದರೆ ವಿಮೆ ಯಾರದ್ದು ಅನ್ನುವುದನ್ನೂ ಅವತ್ತೇ ಕೇಳಿಬಿಡಿ, ಆಮೇಲೆ ಕೇಳುವುದು ಮುಜುಗರ.

ಅಂಗಳದಲ್ಲಿ ಯೋಧರ ಸಮಾಧಿ ಇದ್ದರೆ ಅದರ ವಿಷಯ ಬೇರೆ. ಎರಡು ಮಹಾಯುದ್ಧಗಳಲ್ಲಿ ಸತ್ತ ಕಾಮನ್‌ವೆಲ್ತ್ ಸೈನಿಕರ ಸಮಾಧಿಗಳ ಹೊಣೆ 1917ರಲ್ಲಿ ಶುರುವಾದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ್ದು. ಬ್ರಿಟನ್ ಒಂದರಲ್ಲೇ 12,000ಕ್ಕೂ ಹೆಚ್ಚು ಕಡೆ ಇಂಥ ಸಮಾಧಿಗಳಿವೆ, ತುಂಬಾ ಕಡೆ ಒಂದೋ ಎರಡೋ ಮಾತ್ರ. ಅವುಗಳನ್ನು ನೀವು ತೊಳೆಯಲು ಹೋಗಬೇಡಿ. ಓರೆಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಅವರಿಗೆ ತಿಳಿಸಿ.

ಹಂತ 2: ಕೈ ಕಟ್ಟಿಕೊಂಡು ಸುತ್ತಾಡಿ

ಅನುಮತಿ ಸಿಕ್ಕಿದ ಮೇಲೂ ಕುಡುಗೋಲು ಬೇಡ. ಮೊದಲು ಒಂದೆರಡು ವಾರ ಸುಮ್ನೆ ಓಡಾಡಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಮಳೆ ನಿಂತ ತಕ್ಷಣ ಒಂದು ಸಲ. ಮಳೆ ಬಂದ ಮೇಲೆ ನೀರು ಎಲ್ಲಿ ನಿಲ್ಲುತ್ತದೆ ಅಂತ ನೋಡಿದರೆ ಯಾವ ಕಲ್ಲು ಯಾಕೆ ಓರೆಯಾಗಿದೆ ಅನ್ನುವುದು ಅರ್ಧ ಅರ್ಥವಾಗುತ್ತದೆ.

ಹಳೇ ಅಂಗಳಗಳಲ್ಲಿ ಒಂದು ವಿಚಿತ್ರ ಗಮನಿಸಿ. ಚರ್ಚು ತಗ್ಗಿನಲ್ಲಿ ಕೂತಂತೆ, ಸುತ್ತಲಿನ ನೆಲ ಉಬ್ಬಿದಂತೆ ಕಾಣುತ್ತದೆ. ಚರ್ಚು ಕುಸಿದಿಲ್ಲ, ನೆಲ ಏರಿದೆ. ನೂರಾರು ವರ್ಷ ಅದೇ ಜಾಗದಲ್ಲಿ ಮತ್ತೆ ಮತ್ತೆ ಹೂಳುತ್ತಾ ಬಂದರೆ ಹಾಗಾಗುತ್ತದೆ. ಅಂದರೆ ಕಲ್ಲು ಇಲ್ಲದ ಖಾಲಿ ಹುಲ್ಲು ಖಾಲಿ ಜಾಗ ಅಲ್ಲ. ಅಲ್ಲಿ ಕಾಂಪೋಸ್ಟ್ ಗುಂಡಿ ತೋಡುವ ಐಡಿಯಾ ಯಾರಿಗಾದರೂ ಬಂದರೆ (ಬಂದೇ ಬರುತ್ತದೆ) ಇದನ್ನು ನೆನಪಿಸಿ. ಇಲಿಯೋ ಹೆಗ್ಗಣವೋ ತೋಡಿ ಮೂಳೆ ಮೇಲೆ ಬಂದಿದ್ದರೆ ಮುಟ್ಟದೆ, ಫೋಟೋ ಹಾಕದೆ, ಮಣ್ಣು ಮುಚ್ಚಿ ಚರ್ಚಿನವರಿಗೆ ಹೇಳಿ.

ಈ ಸುತ್ತಾಟದಲ್ಲೇ ಒಂದು ನಕ್ಷೆ ಮಾಡಿ. ಚೌಕುಳಿ ಹಾಳೆ, ಉದ್ದನೆಯ ಟೇಪು, ಇಬ್ಬರು ಜನ ಸಾಕು. ಚರ್ಚಿನ ಒಂದು ಗೋಡೆಯನ್ನು ಆಧಾರ ಮಾಡಿಕೊಂಡು ಸಾಲು ಸಾಲಾಗಿ ಪ್ರತಿ ಕಲ್ಲಿಗೂ ಒಂದು ನಂಬರು ಕೊಡಿ. ನಂಬರು ಹಾಳೆಯ ಮೇಲೆ ಇರಲಿ, ಕಲ್ಲಿನ ಮೇಲೆ ಬೇಡ. ಹಿಂದಿನ ತಲೆಮಾರಿನವರು ಪೇಂಟಲ್ಲಿ ನಂಬರು ಬರೆದ ಕಲ್ಲುಗಳು ಬೇಕಾದಷ್ಟಿವೆ. ಅಕ್ಷರ ಹೋಗಿದೆ, ನಂಬರು ಮಾತ್ರ ಉಳಿದಿದೆ.

ಹಂತ 3: ಕಲ್ಲು ಬೀಳುತ್ತದೆ, ಮೈಮೇಲೆ ಬಿದ್ದರೆ ಏಳೋಕಾಗಲ್ಲ

ಒಂದು ಲೆಕ್ಕ ಮಾಡೋಣ. 1 ಮೀಟರ್ ಎತ್ತರ, 60 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ಸಾಧಾರಣ ಕಲ್ಲು. ಒಂದು ಘನ ಮೀಟರ್ ಕಲ್ಲು ಸುಮಾರು 2,500 ಕಿಲೋ ತೂಗುತ್ತದೆ. ಅಂದರೆ ಈ ಕಲ್ಲು ಸುಮಾರು 150 ಕಿಲೋ. ಸೊಂಟದ ಮಟ್ಟಕ್ಕೂ ಸ್ವಲ್ಪ ಮೇಲೆ ಬರುವ ಒಂದು ಕಲ್ಲು ಇಬ್ಬರು ಮನುಷ್ಯರಷ್ಟು ಭಾರ. ಮಕ್ಕಳು ಅದನ್ನು ಹಿಡಿದು ಹತ್ತುತ್ತಾರೆ, ದೊಡ್ಡವರು ಮಂಡಿ ಊರಿ ಏಳುವಾಗ ಅದರ ಮೇಲೇ ಕೈಯೂರುತ್ತಾರೆ.

ಹಾಗಾಗಿ ಯಾವ ಕಲ್ಲಿನ ಹತ್ತಿರ ಕೂರುವ ಮೊದಲೂ ಕಣ್ಣಲ್ಲೇ ಪರೀಕ್ಷೆ ಮಾಡಿ. ಬುಡದಲ್ಲಿ ಮಣ್ಣು ಬಿರಿದಿದೆಯಾ, ಪೀಠಕ್ಕೂ ಕಲ್ಲಿಗೂ ನಡುವೆ ಸಂದು ಕಾಣುತ್ತಾ, ಕಬ್ಬಿಣದ ಮೊಳೆ ತುಕ್ಕು ಹಿಡಿದು ಕೆಂಪು ಗೆರೆ ಇಳಿದಿದೆಯಾ? ತುಕ್ಕು ಅಂದರೆ ಬರೀ ಕಲೆ ಅಂದುಕೊಳ್ಳಬೇಡಿ. ಕಬ್ಬಿಣ ತುಕ್ಕಾಗುವಾಗ ಹಲವು ಪಟ್ಟು ಉಬ್ಬುತ್ತದೆ, ಒಳಗಿನಿಂದಲೇ ಕಲ್ಲನ್ನು ಸೀಳುತ್ತದೆ. ಇದ್ಯಾವುದೂ ಕಾಣದಿದ್ದರೆ ಕಲ್ಲಿನ ಪಕ್ಕಕ್ಕೆ ನಿಂತು, ಮುಂದೆಯೂ ಅಲ್ಲ ಹಿಂದೆಯೂ ಅಲ್ಲ, ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಸ್ವಲ್ಪ ಅಲುಗಿದರೂ ಅಲ್ಲಿಗೆ ನಿಲ್ಲಿಸಿ. ಸುತ್ತ ಹಗ್ಗ ಕಟ್ಟಿ, ನಕ್ಷೆಯಲ್ಲಿ ಕೆಂಪು ಗುರುತು ಹಾಕಿ, ಯಜಮಾನರಿಗೆ ಬರೆದು ತಿಳಿಸಿ. "ಎಷ್ಟು ಅಲುಗುತ್ತೆ ನೋಡೋಣ" ಅಂತ ಜಗ್ಗಿ ನೋಡುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಅವರಿಗೆ ಕ್ಯಾಮೆರಾ ಕೊಟ್ಟುಬಿಡಿ.

ಪೆಟ್ಟಿಗೆ ಆಕಾರದ ಸಮಾಧಿಗಳು ಇನ್ನೂ ಮೋಸ. ನೋಡಲು ಗಟ್ಟಿ ಇಟ್ಟಿಗೆ ಕಟ್ಟೆಯ ಹಾಗೆ, ಆದರೆ ತುಂಬಾ ಸಲ ಒಳಗೆ ಟೊಳ್ಳು. ನಾಲ್ಕು ತೆಳು ಹಲಗೆಗಳ ಮೇಲೆ ಒಂದು ಭಾರಿ ಚಪ್ಪಡಿ ಕೂತಿರುತ್ತದೆ. ಮೇಲೆ ಕೂರಬೇಡಿ, ಊಟದ ಡಬ್ಬಿಯನ್ನೂ ಇಡಬೇಡಿ.

ಉಳಿದದ್ದು ಎಲ್ಲರಿಗೂ ಗೊತ್ತಿರುವುದೇ. ಗಟ್ಟಿ ಬೂಟು, ಕೈಗವಸು, ಧನುರ್ವಾಯು ಇಂಜೆಕ್ಷನ್, ನೀರು. ಉದ್ದ ಹುಲ್ಲಿಗೆ ಕಾಲಿಡುವ ಮುಂಚೆ ಕೋಲಲ್ಲಿ ತಟ್ಟಿ. ಒಬ್ಬರೇ ಕೆಲಸ ಮಾಡಬೇಡಿ.

ಹಂತ 4: ತೊಳೆಯುವ ಮೊದಲು ಓದಿ, ಬರೆದಿಡಿ

ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಭಾಗ ಇದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಕಲ್ಲು ಇವತ್ತಲ್ಲ ನಾಳೆ ಸವೆಯುತ್ತದೆ. ಅದರ ಮೇಲಿನ ಮಾತನ್ನು ಇವತ್ತೇ ಇಳಿಸಿಕೊಂಡರೆ ಅದೊಂದು ನಿಮ್ಮ ಕೈಲಾಗುವ ಉಳಿಕೆ.

ಅಕ್ಷರ ಮಸುಕಾಗಿದ್ದರೆ ಜನ ಏನೇನೋ ಮಾಡುತ್ತಾರೆ. ಸೀಮೆಸುಣ್ಣ ಉಜ್ಜುತ್ತಾರೆ, ಹಿಟ್ಟು ಎರಚುತ್ತಾರೆ, ಶೇವಿಂಗ್ ಫೋಮ್ ಹಚ್ಚುತ್ತಾರೆ. ಎಲ್ಲವೂ ಕೆಟ್ಟದ್ದೇ. ಫೋಮ್‌ನಲ್ಲಿ ಆಮ್ಲ ಇರುತ್ತದೆ, ಹಿಟ್ಟು ಸಂದಿಯಲ್ಲಿ ಕೂತು ಬೂಷ್ಟು ಬರಿಸುತ್ತದೆ, ಸೀಮೆಸುಣ್ಣ ಕಲ್ಲನ್ನು ಗೀರುತ್ತದೆ. ಕಾಗದ ಇಟ್ಟು ಬಳಪದಲ್ಲಿ ಉಜ್ಜಿ ಅಚ್ಚು ತೆಗೆಯುವುದೂ ಪದರ ಬಿಡುತ್ತಿರುವ ಕಲ್ಲಿಗೆ ಅಪಾಯ.

ಬೇಕಾಗಿರುವುದು ಒಂದು ಕನ್ನಡಿ. ಅರ್ಧ ಆಳೆತ್ತರದ, ಕಟ್ಟು ಹಾಕಿದ ಕನ್ನಡಿ. ಇಬ್ಬರು ಬೇಕು. ಒಬ್ಬರು ಬಿಸಿಲಲ್ಲಿ ನಿಂತು ಕನ್ನಡಿಯಿಂದ ಬೆಳಕನ್ನು ಕಲ್ಲಿನ ಕಡೆ ತಿರುಗಿಸಬೇಕು. ಎದುರಿನಿಂದ ಬೆಳಕು ಬಿಟ್ಟರೆ ಪ್ರಯೋಜನ ಇಲ್ಲ. ಕಲ್ಲಿನ ಮೈ ಸವರಿಕೊಂಡು ಹೋಗುವ ಹಾಗೆ ಪಕ್ಕದಿಂದ ಬಿಡಬೇಕು. ಕೂದಲೆಳೆಯಷ್ಟು ಆಳ ಉಳಿದ ಗೀರೂ ಆಗ ನೆರಳು ಬೀಳಿಸುತ್ತದೆ. ಮೊದಲ ಸಲ ನಾವು ಹೀಗೆ ಮಾಡಿದ್ದು "ಏನೂ ಇಲ್ಲ, ಬೋಳು" ಅಂತ ನಕ್ಷೆಯಲ್ಲಿ ಬರೆದುಕೊಂಡಿದ್ದ ಒಂದು ಮೊಣಕಾಲೆತ್ತರದ ಕಲ್ಲಿಗೆ. ಕನ್ನಡಿ ಹಿಡಿದವರು ಕೈ ಸ್ವಲ್ಪ ವಾಲಿಸಿದರು, ಏನಿಲ್ಲ. ಇನ್ನೊಂದು ಚೂರು ವಾಲಿಸಿದರು. ಎಡಗಡೆಯಿಂದ ಒಂದೊಂದೇ ಅಕ್ಷರ ಎದ್ದು ಬಂತು. ವಯಸ್ಸು 3 ವರ್ಷ 4 ತಿಂಗಳು. ಅಷ್ಟರಲ್ಲಿ ಮೋಡ ಬಂತು, ಕಲ್ಲು ಮತ್ತೆ ಬೋಳಾಯಿತು. ನಾವಿಬ್ಬರೂ ಮಾತಾಡದೆ ಬಿಸಿಲಿಗೆ ಕಾದೆವು.

ಬಿಸಿಲೇ ಬೀಳದ ಮಗ್ಗುಲಿಗೆ ಒಳ್ಳೆ ಟಾರ್ಚು ಬಳಸಿ, ಕಪ್ಪು ಬಟ್ಟೆ ಅಡ್ಡ ಹಿಡಿದು ನೆರಳು ಮಾಡಿಕೊಳ್ಳಿ. ಫೋಟೋ ತೆಗೆಯುವಾಗ ಕ್ಯಾಮೆರಾ ಕಲ್ಲಿಗೆ ನೇರವಾಗಿರಲಿ, ಬೆಳಕು ಓರೆಯಾಗಿರಲಿ. ಒಂದು ಇಡೀ ಕಲ್ಲು, ಒಂದು ಅಕ್ಷರ, ಒಂದು ಬೆನ್ನು, ಒಂದು ಬುಡ, ಹೀಗೆ ನಾಲ್ಕು ಫೋಟೋ. ಬೆನ್ನನ್ನು ಎಲ್ಲರೂ ಮರೆಯುತ್ತಾರೆ. ಕೆತ್ತಿದವರ ಹೆಸರು ಕೆಲವು ಸಲ ಅಲ್ಲೋ, ಬುಡದ ಮೂಲೆಯಲ್ಲೋ ಇರುತ್ತದೆ.

ಬರೆದುಕೊಳ್ಳುವಾಗ ಒಂದೇ ನಿಯಮ: ಇದ್ದದ್ದು ಇದ್ದ ಹಾಗೆ. ಕಾಗುಣಿತ ತಪ್ಪಿದ್ದರೆ ತಪ್ಪೇ ಬರೆಯಿರಿ. ಸಾಲು ಮುಗಿದ ಕಡೆ ಒಂದು ಓರೆಗೆರೆ ಹಾಕಿ. ಊಹೆ ಮಾಡಿದ ಅಕ್ಷರ ಚೌಕ ಕಂಸದಲ್ಲಿರಲಿ, ಓದಲಾಗದ್ದಕ್ಕೆ ಚುಕ್ಕಿ. ಒಬ್ಬರು ಓದಿದ್ದನ್ನು ಇನ್ನೊಬ್ಬರು ಬೇರೆ ದಿನ ಬಂದು ಮತ್ತೆ ಓದಲಿ. 1, 4, 7 ಹಳೇ ಕಲ್ಲುಗಳಲ್ಲಿ ಒಂದೇ ತರ ಕಾಣುತ್ತವೆ, 3ಕ್ಕೂ 8ಕ್ಕೂ ಜಗಳ ತಪ್ಪಿದ್ದಲ್ಲ.

18ನೇ ಶತಮಾನದ ಇಂಗ್ಲಿಷ್ ಕಲ್ಲುಗಳಲ್ಲಿ ಪದದ ನಡುವಿನ 'ಎಸ್' ಅಕ್ಷರ 'ಎಫ್' ತರ ಉದ್ದಕ್ಕಿರುತ್ತದೆ. ಗೊತ್ತಿಲ್ಲದಿದ್ದರೆ ಹೆಸರುಗಳೇ ಬದಲಾಗಿಬಿಡುತ್ತವೆ. 'ರೆಲಿಕ್ಟ್' ಅಂತಿದ್ದರೆ ವಿಧವೆ. ಲ್ಯಾಟಿನ್‌ನ 'ಹಿಕ್ ಯಾಕೆಟ್' ಅಂದರೆ ಇಲ್ಲಿ ಮಲಗಿದ್ದಾರೆ, 'ಒಬಿಟ್' ಅಂದರೆ ತೀರಿಕೊಂಡರು.

ಇನ್ನೊಂದು ಗಮ್ಮತ್ತಿನ ವಿಷಯ ಇಸವಿಯದ್ದು. ಫೆಬ್ರವರಿ 1723/4 ಅಂತ ಒಂದು ಕಲ್ಲಿನಲ್ಲಿ ಕಂಡರೆ, ಕೆತ್ತಿದವನಿಗೆ ಯಾವ ವರ್ಷ ಅಂತ ಅನುಮಾನ ಇತ್ತು ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಅಧಿಕೃತವಾಗಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ, ಫೆಬ್ರವರಿಯಲ್ಲಿ ಸತ್ತವರಿಗೆ ಹಳೇ ಲೆಕ್ಕದಲ್ಲಿ ಒಂದು ವರ್ಷ, ಹೊಸ ಲೆಕ್ಕದಲ್ಲಿ ಇನ್ನೊಂದು, ಎರಡನ್ನೂ ಕೆತ್ತುತ್ತಿದ್ದರು. 1752ರಲ್ಲಿ ಕ್ಯಾಲೆಂಡರ್ ಬದಲಿಸಿದಾಗ ಸೆಪ್ಟೆಂಬರ್ 2 ಆದ ಮೇಲೆ ನೇರವಾಗಿ 14 ಬಂತು. ಹಾಗಾಗಿ ಆ ವರ್ಷದ ಸೆಪ್ಟೆಂಬರ್ 8ಕ್ಕೆ ಅಲ್ಲಿ ಯಾರೋ ಸತ್ತರು ಅಂತ ನೀವು ಓದಿದ್ದರೆ ಇನ್ನೊಂದು ಸಲ ಕನ್ನಡಿ ಹಿಡಿಯಿರಿ.

ಚಿತ್ರಗಳನ್ನೂ ಬರೆದುಕೊಳ್ಳಿ. ತಲೆಬುರುಡೆ, ಮರಳು ಗಡಿಯಾರ, ರೆಕ್ಕೆಯ ಮಗುಮುಖ, ಅರ್ಧಕ್ಕೆ ಮುರಿದ ಕಂಬ, ಲಂಗರು. ಮುರಿದ ಕಂಬವನ್ನು ಕಂಡು "ಇದು ಮುರಿದುಹೋಗಿದೆ, ರಿಪೇರಿ ಮಾಡಬೇಕು" ಅಂತ ನಮ್ಮ ಪಟ್ಟಿಯಲ್ಲಿ ಬರೆದವರಿದ್ದಾರೆ. ಕೆತ್ತಿದ್ದೇ ಹಾಗೆ. ಅರ್ಧಕ್ಕೆ ನಿಂತ ಬದುಕು ಅಂತ ಅದರ ಅರ್ಥ.

ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಹಾಕಿ, ಚರ್ಚಿನ ಸಮಾಧಿ ರಿಜಿಸ್ಟರ್ ಜೊತೆ ತಾಳೆ ನೋಡಿ. ಮೂರು ಪ್ರತಿ ಮೂರು ಜನರ ಹತ್ತಿರ ಇರಲಿ, ಒಂದು ಚರ್ಚಿನಲ್ಲಿ ಕಾಗದದ ಮೇಲೆ. ಇತ್ತೀಚೆಗೆ ತೀರಿಕೊಂಡವರ ವಿವರವನ್ನು ಅವರ ಮನೆಯವರನ್ನು ಕೇಳದೆ ಇಂಟರ್‌ನೆಟ್ಟಿಗೆ ಹಾಕಬೇಡಿ.

ಹಂತ 5: ಹುಲ್ಲು, ಬಳ್ಳಿ, ಮರ

ಕಲ್ಲುಗಳಿಗೆ ಬೀಳುವ ಹೊಸ ಏಟುಗಳಲ್ಲಿ ಬಹಳಷ್ಟು ಹುಲ್ಲು ಕೊಯ್ಯುವ ಯಂತ್ರದಿಂದ ಬರುತ್ತವೆ. ಆ ತಿರುಗುವ ನೈಲಾನ್ ದಾರ ಮೃದು ಅನ್ನಿಸುತ್ತದೆ, ಆದರೆ ಮರಳುಗಲ್ಲಿನ ಬುಡಕ್ಕೆ ಪ್ರತಿ ತಿಂಗಳು ತಾಗಿದರೆ ಕೆಲವು ವರ್ಷದಲ್ಲಿ ಇಲಿ ಕಡಿದ ಹಾಗೆ ಗೂಡಾಗುತ್ತದೆ. ಯಂತ್ರ ಕಲ್ಲಿನಿಂದ ಒಂದು ಅಡಿ ದೂರದಲ್ಲೇ ನಿಲ್ಲಲಿ. ಆ ಒಂದಡಿಯನ್ನು ಕೈ ಕತ್ತರಿಯಲ್ಲಿ ಕತ್ತರಿಸಿ, ಇಲ್ಲವೇ ಬಿಟ್ಟುಬಿಡಿ. ಕಳೆನಾಶಕ ಸುರಿಯುವುದಂತೂ ಬೇಡವೇ ಬೇಡ. ಅದರ ಲವಣ ಕಲ್ಲಿನೊಳಗೆ ಏರುತ್ತದೆ, ಹುಲ್ಲಿನ ಬೇರು ಸತ್ತ ಮೇಲೆ ಮಣ್ಣು ಸಡಿಲವಾಗಿ ಕಲ್ಲು ವಾಲುತ್ತದೆ.

ಇಡೀ ಅಂಗಳವನ್ನು ಕ್ರಿಕೆಟ್ ಮೈದಾನದ ಹಾಗೆ ಬೋಳಿಸುವ ಅಗತ್ಯವೂ ಇಲ್ಲ. ಹಳೇ ಚರ್ಚ್ ಅಂಗಳ ಅಂದರೆ ನೂರಾರು ವರ್ಷ ಉಳುಮೆ ಕಾಣದ, ಗೊಬ್ಬರ ಕಾಣದ ನೆಲ. ಸುತ್ತ ಎಲ್ಲೂ ಸಿಗದ ಹುಲ್ಲು ಹೂವು ಅಲ್ಲಿ ಉಳಿದಿರುತ್ತದೆ. ಬ್ರಿಟನ್ನಿನಲ್ಲಿ ಇದಕ್ಕೆಂದೇ 'ಕೇರಿಂಗ್ ಫಾರ್ ಗಾಡ್ಸ್ ಏಕರ್' ಅನ್ನುವ ಸಂಸ್ಥೆ ಕೆಲಸ ಮಾಡುತ್ತಿದೆ. ಓಡಾಡುವ ದಾರಿ, ಜನ ಈಗಲೂ ಬರುವ ಸಮಾಧಿಗಳ ಸುತ್ತ, ಬಾಗಿಲ ಹತ್ತಿರ ಇಷ್ಟನ್ನು ಆಗಾಗ ಕೊಯ್ಯಿರಿ. ಒಂದು ಮೂಲೆಯನ್ನು ಹೂ ಬಿಟ್ಟು ಬೀಜ ಉದುರುವ ತನಕ ಬಿಡಿ. ಆಮೇಲೆ ಕೊಯ್ದು, ಒಂದೆರಡು ದಿನ ಅಲ್ಲೇ ಒಣಗಿಸಿ ಬೀಜ ಬೀಳಲು ಬಿಟ್ಟು, ಹುಲ್ಲನ್ನು ಮಾತ್ರ ತಪ್ಪದೆ ಹೊರಗೆ ಸಾಗಿಸಿ. ಅಲ್ಲೇ ಕೊಳೆಯಲು ಬಿಟ್ಟರೆ ನೆಲ ಕೊಬ್ಬುತ್ತದೆ, ಒರಟು ಹುಲ್ಲು ನುಗ್ಗಿ ಹೂಗಿಡವನ್ನು ಮುಚ್ಚುತ್ತದೆ. ಬಿಟ್ಟ ಮೂಲೆಯ ಅಂಚನ್ನು ನೀಟಾಗಿ ಕತ್ತರಿಸಿ, ಒಂದು ಬೋರ್ಡು ಹಾಕಿ. ಇಲ್ಲದಿದ್ದರೆ "ಸೋಮಾರಿಗಳು ಅರ್ಧ ಬಿಟ್ಟಿದ್ದಾರೆ" ಅನ್ನುವ ಮಾತು ಕೇಳಬೇಕಾಗುತ್ತದೆ.

ಬಳ್ಳಿಯನ್ನು ಕಿತ್ತೆಳೆಯಬೇಡಿ. ಐವಿ ಇರಲಿ, ಇನ್ಯಾವುದೇ ಇರಲಿ, ಅದು ಕಲ್ಲಿನ ಪದರವನ್ನು ಹಿಡಿದುಕೊಂಡೇ ಬರುತ್ತದೆ. ಬುಡದಲ್ಲಿ ಕತ್ತರಿಸಿ, ಕೆಲವು ತಿಂಗಳು ಒಣಗಲು ಬಿಟ್ಟು, ಹಿಡಿತ ಸಡಿಲವಾದ ಮೇಲೆ ಚೂರು ಚೂರೇ ತೆಗೆಯಿರಿ. ಗೋರಿಯ ಸಂದಿಯಲ್ಲಿ ಹುಟ್ಟಿದ ಅರಳಿ, ಆಲದಂಥ ಸಸಿಗೂ ಇದೇ ಮದ್ದು. ಗೇಣುದ್ದದ ಎಳೆ ಸಸಿ ಸಲೀಸಾಗಿ ಬಂದರೆ ಬರಲಿ, ಬಲಿತ ಬೇರನ್ನು ಎಳೆದರೆ ಗೋರಿಯೇ ಬಿಚ್ಚಿಕೊಳ್ಳುತ್ತದೆ. ಎಷ್ಟೋ ಸಲ ಗೋಡೆ ನಿಂತಿರುವುದೇ ಆ ಬೇರಿನಿಂದ, ಅಂಥದ್ದಕ್ಕೆ ತಿಳಿದವರನ್ನು ಕರೆಸಿ.

ಯೂರೋಪಿನ ಅಂಗಳಗಳಲ್ಲಿ ಯೂ ಮರ ಇದ್ದರೆ ಗೌರವದಿಂದ ದೂರ ನಿಲ್ಲಿ. ಕೆಲವು ಮರ ಪಕ್ಕದ ಚರ್ಚಿಗಿಂತಲೂ ಹಳೆಯವು. ಕೆಂಪು ಹಣ್ಣಿನ ತಿರುಳೊಂದು ಬಿಟ್ಟು ಎಲೆ, ಬೀಜ, ತೊಗಟೆ ಎಲ್ಲವೂ ವಿಷ, ಹಾಗಾಗಿ ಕತ್ತರಿಸಿದ ಸೊಪ್ಪನ್ನು ದನಕುರಿಗೆ ಹಾಕಬೇಡಿ. ಕಸವನ್ನು ಅಂಗಳದಲ್ಲೇ ಸುಡುವುದೂ ಬೇಡ, ಬೆಂಕಿಯ ಝಳಕ್ಕೆ ಕಲ್ಲು ಸಿಡಿಯುತ್ತದೆ.

ಹಂತ 6: ಕಲ್ಲು ತೊಳೆಯುವುದು, ಅದೂ ತೀರಾ ಬೇಕಿದ್ದರೆ

ಮೊದಲು ಕೇಳಿಕೊಳ್ಳಿ, ಯಾಕೆ ತೊಳೀಬೇಕು? ನೋಡಲು ಹಳತಾಗಿ ಕಾಣುತ್ತದೆ ಅನ್ನುವುದು ಕಾರಣ ಅಲ್ಲ. ಅದು ಹಳೆಯದೇ. ಅಕ್ಷರ ಓದಲಾಗದ ಹಾಗೆ ಪಾಚಿ ಮುಚ್ಚಿದ್ದರೆ, ಹಕ್ಕಿ ಹಿಕ್ಕೆಯೋ ಮರದ ಅಂಟೋ ಬಿದ್ದಿದ್ದರೆ ಸರಿ.

ಕಲ್ಲಿನ ಮೇಲೆ ಬಿಳಿ, ಬೂದು, ಕಿತ್ತಳೆ ಬಣ್ಣದ ವೃತ್ತಗಳು ಕಾಣುತ್ತವಲ್ಲ, ಕಲ್ಲುಹೂವು, ಅದನ್ನು ಕೊಳೆ ಅಂದುಕೊಳ್ಳಬೇಡಿ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವ ಅದು. ಹಲವು ಬಗೆಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಅಂಗೈಯಗಲದ್ದು ಕಂಡರೆ ಅದು ನಿಮ್ಮ ಅಜ್ಜಿಗಿಂತ ಹಿರಿಯದಿರಬಹುದು. ಬ್ರಿಟನ್ನಿನ ಸುಮಾರು 2,000 ಬಗೆಯ ಕಲ್ಲುಹೂವುಗಳಲ್ಲಿ 700ಕ್ಕೂ ಹೆಚ್ಚು ಚರ್ಚ್ ಅಂಗಳಗಳಲ್ಲಿ ಸಿಕ್ಕಿವೆ. ಸಮಾಧಿ ಕಲ್ಲಿಗೆ ಇಸವಿ ಇರುವುದರಿಂದ ಇನ್ನೊಂದು ಉಪಯೋಗವೂ ಆಯಿತು. ಇಷ್ಟು ವರ್ಷಕ್ಕೆ ಕಲ್ಲುಹೂವು ಇಷ್ಟು ಅಗಲ ಅಂತ ಅಳೆದಿಟ್ಟುಕೊಂಡರೆ ಇಸವಿ ಇಲ್ಲದ ಬಂಡೆಯ ವಯಸ್ಸೂ ಅಂದಾಜು ಮಾಡಬಹುದು. ಕಲ್ಲುಹೂವಿನಿಂದ ವಯಸ್ಸು ಎಣಿಸುವ ಈ ವಿಧಾನವನ್ನು 1950ರ ಸುಮಾರಿಗೆ ಬೆಳೆಸಿದವರು ಆಸ್ಟ್ರಿಯಾದ ರೋಲಂಡ್ ಬೆಶೆಲ್.

ತೊಳೆಯುವುದೇ ಅಂತ ನಿರ್ಧಾರವಾದರೆ ಯಾವ ಕಲ್ಲು ಅಂತ ನೋಡಿ. ಗ್ರಾನೈಟ್ ಗಟ್ಟಿ, ಸ್ವಲ್ಪ ತಪ್ಪು ಮಾಡಿದರೂ ತಡೆದುಕೊಳ್ಳುತ್ತದೆ. ಸ್ಲೇಟು ಕಲ್ಲಿನ ಅಕ್ಷರ ನಿನ್ನೆ ಕೆತ್ತಿದ ಹಾಗಿರುತ್ತದೆ, ಆದರೆ ಹಾಳೆ ಹಾಳೆಯಾಗಿ ಬಿಡಬಹುದು. ಅಮೃತಶಿಲೆ, ಸುಣ್ಣದಕಲ್ಲು ಎರಡಕ್ಕೂ ಹುಳಿ ಶತ್ರು. ಮರಳುಗಲ್ಲು ಎಲ್ಲಕ್ಕಿಂತ ನಾಜೂಕು. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಮುಟ್ಟಿದರೆ ಪುಡಿ ಉದುರಿದರೆ, ಆ ಕಲ್ಲಿಗೆ ನೀರೂ ಬೇಡ.

ಸಾಮಾನು ಇಷ್ಟೇ: ಎರಡು ಬಕೆಟ್ ಶುದ್ಧ ನೀರು, ನೀರು ಚಿಮುಕಿಸುವ ಬಾಟಲಿ, ಮೆತ್ತನೆ ನಾರಿನ ಬ್ರಷ್, ಹಳೇ ಟೂತ್‌ಬ್ರಷ್, ಐಸ್‌ಕ್ರೀಂ ಕಡ್ಡಿಯಂಥ ಮರದ ಪಟ್ಟಿ, ಹತ್ತಿ ಬಟ್ಟೆ. ತಂತಿ ಬ್ರಷ್, ಉಕ್ಕಿನ ನಾರು, ಬ್ಲೀಚ್, ಸೋಪಿನ ಪುಡಿ, ಆಸಿಡ್, ಪ್ರೆಶರ್ ವಾಷರ್ ಮನೆಯಲ್ಲೇ ಇರಲಿ. ಬ್ಲೀಚ್ ಹಾಕಿದ ದಿನ ಕಲ್ಲು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅದರ ಉಪ್ಪು ಒಳಗೆ ಇಳಿದು, ಒಣಗಿದಾಗ ಹರಳುಗಟ್ಟಿ, ಕಲ್ಲಿನ ಮೈಯನ್ನು ಒಳಗಿಂದ ತಳ್ಳಿ ಉದುರಿಸುವುದು ಆಮೇಲಿನ ವರ್ಷಗಳಲ್ಲಿ. ಅಷ್ಟೊತ್ತಿಗೆ ತೊಳೆದವರು ಅಲ್ಲಿರುವುದಿಲ್ಲ.

ಬುಡದ ಹತ್ತಿರ ಕಣ್ಣಿಗೆ ಬೀಳದ ಕಡೆ ಅಂಗೈಯಗಲ ಮೊದಲು ತೊಳೆದು, ಒಣಗಲು ಬಿಟ್ಟು, ವಾರ ಬಿಟ್ಟು ನೋಡಿ. ಸರಿಯಿದ್ದರೆ ಕಲ್ಲನ್ನು ಪೂರ್ತಿ ನೆನೆಸಿ. ಒಣ ಪಾಚಿಯನ್ನು ಮರದ ಪಟ್ಟಿಯಿಂದ ಎಬ್ಬಿಸಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ಬನ್ನಿ. ಉಲ್ಟಾ ಅನ್ನಿಸಬಹುದು, ಆದರೆ ಮೇಲಿನಿಂದ ಶುರು ಮಾಡಿದರೆ ಕೊಳೆ ನೀರು ಒಣ ಕಲ್ಲಿನ ಮೇಲೆ ಇಳಿದು ಗೆರೆ ಗೆರೆ ಕಲೆ ಉಳಿಯುತ್ತದೆ. ಬ್ರಷ್ಷನ್ನು ಸುಮ್ನೆ ವೃತ್ತಾಕಾರದಲ್ಲಿ ಆಡಿಸಿ, ಒತ್ತಬೇಡಿ. ನೀರು ಕೊಳೆಯಾದಂತೆ ಬದಲಿಸಿ. ಅಮೃತಶಿಲೆಯಲ್ಲಿ ಸೀಸದ ಅಕ್ಷರ ಕೂರಿಸಿದ್ದರೆ ಬ್ರಷ್ ಬೇಡ, ಅವು ಕಳಚಿಕೊಳ್ಳುತ್ತವೆ. ರಾತ್ರಿ ಹಿಮ ಬೀಳುವ ಕಾಲದಲ್ಲಂತೂ ನೆನೆಸಬೇಡಿ, ಒಳಗಿನ ನೀರು ಹೆಪ್ಪುಗಟ್ಟಿ ಕಲ್ಲು ಸೀಳುತ್ತದೆ. ಕಲೆ ಪೂರ್ತಿ ಹೋಗಲಿಲ್ಲವಾ? ಇರಲಿ ಬಿಡಿ. ತಾರೀಖು ಬರೆದಿಟ್ಟುಕೊಳ್ಳಿ, ಅದೇ ಕಲ್ಲನ್ನು ಮುಂದಿನ ಹಲವು ವರ್ಷ ಮತ್ತೆ ತೊಳೆಯದಿರಲು.

ಹಂತ 7: ಬಿದ್ದದ್ದು, ಮುರಿದದ್ದು

ಬಿದ್ದ ಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿ ಸಾಲಾಗಿ ಜೋಡಿಸುವ ಚಟ ಹಳೇ ಕಾಲದಿಂದಲೂ ಇದೆ. ನೋಡಲು ಅಚ್ಚುಕಟ್ಟು, ಆದರೆ ಆಮೇಲೆ ಯಾರ ಕಲ್ಲು ಯಾರ ಸಮಾಧಿಯದ್ದು ಅಂತ ಹೇಳುವವರಿಲ್ಲ. ಬಿದ್ದಲ್ಲೇ ಇರಲಿ. ಫೋಟೋ ತೆಗೆದು, ಅಳತೆ ಬರೆದು, ನಕ್ಷೆಯಲ್ಲಿ ಗುರುತು ಮಾಡಿ. ಚೂರಾಗಿದ್ದರೆ ಪ್ರತಿ ಚೂರು ಎಲ್ಲಿ ಬಿದ್ದಿತ್ತು ಅಂತ ಬರೆದ ಮೇಲಷ್ಟೇ ಹೆಕ್ಕಿ, ಒಂದೇ ಪೆಟ್ಟಿಗೆಯಲ್ಲಿ ನಂಬರು ಚೀಟಿಯ ಜೊತೆ ಚರ್ಚಿನೊಳಗೆ ಇಡಿ.

ಅಂಟಿಸುವ ಕೆಲಸ ನಮ್ಮದಲ್ಲ. ಅದರಲ್ಲೂ ಸಿಮೆಂಟ್ ಮುಟ್ಟಲೇಬೇಡಿ. ಹಳೇ ಕಟ್ಟಡ ನಿಂತಿರುವುದು ಸುಣ್ಣದ ಗಾರೆಯ ಮೇಲೆ. ಅದು ಮೆತ್ತಗೆ, ಸ್ವಲ್ಪ ಬಾಗುತ್ತದೆ, ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಕಲ್ಲಿಗಿಂತ ಗಟ್ಟಿ, ತೇವ ಬಿಡುವುದಿಲ್ಲ. ಆಗ ಒಡೆಯುವ ಸರದಿ ಕಲ್ಲಿನದ್ದು. ಹಳೇ ಕಲ್ಲಿನ ರಿಪೇರಿ ಗೊತ್ತಿರುವ ಕಲ್ಲುಕುಟಿಗರನ್ನು ಹುಡುಕಿ, "ಸುಣ್ಣದಲ್ಲಿ ಕೆಲಸ ಮಾಡ್ತೀರಾ" ಅಂತ ಮೊದಲೇ ಕೇಳಿ. "ಸಿಮೆಂಟೇ ಗಟ್ಟಿ" ಅಂದರೆ ಇನ್ನೊಬ್ಬರನ್ನು ನೋಡಿ.

ಹಂತ 8: ತಂಡ ಮತ್ತು ಬಂದವರು

ಕೆಲಸದ ದಿನ ಗೊತ್ತಿರಲಿ, ತಿಂಗಳಿಗೆ ಒಂದು ಅಥವಾ ಎರಡು ಸಲ, ಎರಡೂವರೆ ಗಂಟೆ. ಇಡೀ ದಿನ ಅಂತ ಕರೆದರೆ ಮೊದಲ ಸಲ ಇಪ್ಪತ್ತು ಜನ ಬರುತ್ತಾರೆ, ಎರಡನೇ ಸಲ ಐದು. ಬಗ್ಗಲಾಗದವರಿಗೆ ಓದುವುದು, ಬರೆಯುವುದು, ರಿಜಿಸ್ಟರ್ ತಾಳೆ ನೋಡುವುದು ಇದೆ. ನಮ್ಮಲ್ಲಿ ಹಳೇ ಕೈಬರಹ ಎಲ್ಲರಿಗಿಂತ ಚೆನ್ನಾಗಿ ಓದುವವರು ಮಂಡಿ ನೋವಿನಿಂದ ಬೆಂಚು ಬಿಟ್ಟು ಏಳದ ಒಬ್ಬ ಹಿರಿಯರು.

ಹೊಸ ಸಮಾಧಿಗಳ ಮೇಲಿನ ಹೂವು, ಬೊಂಬೆ, ದೀಪ ಬಾಡಿದ್ದರೂ ಬಣ್ಣ ಹೋಗಿದ್ದರೂ ನೀವಾಗಿ ತೆಗೆಯಬೇಡಿ. ಯಾರಾದರೂ ಸಮಾಧಿಯ ಮುಂದೆ ಬಂದು ನಿಂತರೆ ಯಂತ್ರ ಆಫ್ ಮಾಡಿ ಇನ್ನೊಂದು ಕಡೆ ಹೋಗಿ. ಅವರಾಗಿ ಮಾತಾಡಿಸಿದರೆ ಮಾತಾಡಿ. "ನಮ್ಮ ಮುತ್ತಜ್ಜ ಇಲ್ಲೇ ಎಲ್ಲೋ ಇದ್ದಾರಂತೆ" ಅಂತ ದೂರದಿಂದ ಹುಡುಕಿಕೊಂಡು ಬರುವವರಿಗೆ ನಿಮ್ಮ ಎಕ್ಸೆಲ್ ಹಾಳೆಯೇ ದಾರಿ. ಕಲ್ಲು ಇಲ್ಲದಿದ್ದರೆ ಇಲ್ಲ ಅಂತಲೇ ಹೇಳಿ. ಸಮಾಧಾನಕ್ಕೆ ಅಂತ ಒಂದು ಜಾಗ ತೋರಿಸಿಬಿಡಬೇಡಿ.

ಹೊರಡುವ ಮೊದಲು ಹತ್ತು ನಿಮಿಷ ಉಳಿಸಿಕೊಳ್ಳಿ. ಅವತ್ತು ಯಾವ ನಂಬರಿನ ಕಲ್ಲಿಗೆ ಏನು ಮಾಡಿದಿರಿ ಅಂತ ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ. ಹೊಸದಾಗಿ ವಾಲಿದ ಕಲ್ಲು ಕಂಡಿದ್ದರೆ ಅದನ್ನೂ ಬರೆಯಿರಿ. ಕತ್ತರಿ, ಕುಡುಗೋಲು ಎಣಿಸಿ ಚೀಲಕ್ಕೆ ಹಾಕಿ. ಕನ್ನಡಿಯನ್ನು ಬಟ್ಟೆ ಸುತ್ತಿ ಒಳಗಿಡಿ.